ಹಲಗೆಯ ಮೇಲಿನ ನಲವತ್ಮೂರು

ಹಲಗೆ ನೋಡದೆ ಅಕ್ಕಿ ಅಳೆಯುವವಳಲ್ಲ ನಾಗವೇಣಿ. ದೇವದುರ್ಗದ ಅಂಚಿನಲ್ಲಿರುವ ಸರಕಾರಿ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಗೆ ಸೇರಿ ಹನ್ನೊಂದು ವರ್ಷವಾಯಿತು. ದಿನಾ ಪ್ರಾರ್ಥನೆ ಮುಗಿದ ಮೇಲೆ ವಿಜಯಶ್ರೀ ಟೀಚರು ವರಾಂಡದ ಕರಿಹಲಗೆಯ ಮೇಲೆ ಎರಡು ಸಾಲು ಬರೆಯುತ್ತಾರೆ. ಮೇಲಿನದು ದಾಖಲಾತಿ, ಅಂದರೆ ಯಾವ ತರಗತಿಯಲ್ಲಿ ಎಷ್ಟು ಹೆಸರುಗಳಿವೆ ಎಂಬುದು. ಕೆಳಗಿನದು ಹಾಜರಾತಿ, ಅವರಲ್ಲಿ ಅಂದು ಬಂದವರೆಷ್ಟು ಎಂಬುದು. ಅಕ್ಕಿ ಹಾಕುವುದು ಕೆಳಗಿನ ಸಾಲು ನೋಡಿ. ಆದರೂ ನಾಗವೇಣಿಯ ಕಣ್ಣು ಮೊದಲು ಹೋಗುವುದು ಮೇಲಿನ ಸಾಲಿಗೆ, ಅದರಲ್ಲೂ ಹತ್ತನೆಯ ತರಗತಿಗೆ. ಜೂನ್‌ನಿಂದ ಅಲ್ಲಿ ನಲವತ್ಮೂರು ಎಂದಿತ್ತು. ಆ ನಲವತ್ಮೂರರಲ್ಲಿ ಒಂದು ಹೆಸರು ಅವಳ ಮಗ ವಿನೋದನದು.

ನವೆಂಬರ್ ತಿಂಗಳ ಒಂದು ಸೋಮವಾರ ಅಲ್ಲಿ ನಲವತ್ತೆರಡು ಎಂದು ಬರೆದಿತ್ತು.

ನಾಗವೇಣಿ ಅಕ್ಕಿಯ ಡಬ್ಬಿ ಹಿಡಿದುಕೊಂಡೇ ನಿಂತಳು. "ಟೀಚರ್, ಹತ್ತನೇ ಕ್ಲಾಸಿನ್ಯಾಗ ಯಾರು ಸಾಲಿ ಬಿಟ್ರು?"

ವಿಜಯಶ್ರೀ ಟೀಚರು ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡರು. "ಸರ್ ನಿಮಗ ಹೇಳಿಲ್ಲೇನ್ರಿ? ವಿನೋದನ ಹೆಸರು ತೆಗದಾರ."

ನಾಗವೇಣಿ ಡಬ್ಬಿ ಸಮೇತ ಹೆಡ್‌ಮಾಸ್ತರರ ಕೋಣೆಗೆ ಹೋದಳು. ಅವರು ಕೆಟ್ಟ ಮನುಷ್ಯರಲ್ಲ, ಅಂಜುಬುರುಕರು. ಎದುರಿಗಿದ್ದ ಪುಸ್ತಕ ಮುಚ್ಚಿ, "ನೀವ ಬಂದು ಹೇಳಿದ್ರಲ್ಲ ನಾಗವೇಣಿ, ಅಲ್ಲಿ ದಾಖಲ ಆಗ್ಯಾನ ಅಂತ. ಒಬ್ಬ ಹುಡುಗ ಎರಡು ಕಡೆ ದಾಖಲ ಇರಾಂಗಿಲ್ಲ. ಟಿ.ಸಿ. ಬರದಿಟ್ಟೀನಿ, ಒಂದು ಸಹಿ ಮಾಡಿ ಒಯ್ದು ಅಲ್ಲಿ ಕೊಡ್ರಿ," ಎಂದರು. "ಲಗೂನ ಕೊಡ್ರಿ. ತಿಂಗಳ ಕೊನಿಗೆ ಪರೀಕ್ಷಾಕ್ಕ ಹೆಸರು ಕಳಸಾದದ."

ಹೌದು, ಹೇಳಿದ್ದಳು. ಬೆಲ್ಲ ಹಂಚಿ ಹೇಳಿದ್ದಳು.

ಗಣಪತಿ ಕೂಡಿಸಿದ ವಾರ ವಿನೋದ ಇಬ್ಬರು ದೊಡ್ಡ ಹುಡುಗರ ಬೆನ್ನು ಹತ್ತಿ ಕಾಲುವೆ ಬದಿಯ ಹೊಲದಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕೊಯ್ಯಲು ಹೋಗಿದ್ದ. ತಾಮ್ರಕ್ಕೆ ಬೆಲೆ ಇದೆಯಲ್ಲ. ತಡೆಯಲು ಬಂದ ಕಾವಲುಗಾರನನ್ನು ಯಾರೋ ನೂಕಿದರು, ಅವನ ಕೈ ಮುರಿಯಿತು. ದೊಡ್ಡವರಿಬ್ಬರು ಜೈಲಿಗೆ ಹೋದರು. ಹದಿನಾರರ ವಿನೋದನನ್ನು ರಾಯಚೂರಿನ ವೀಕ್ಷಣಾಲಯಕ್ಕೆ ಒಯ್ದರು. ಕೇಸು ಮುಗಿಯುವವರೆಗೆ ಮಕ್ಕಳನ್ನು ಇಡುವ ಸರಕಾರದ ಮನೆ ಅದು. ಗೋಡೆಯ ಬಣ್ಣ ನೋಡಿ ಜನ ಹಳದಿ ಮನಿ ಎನ್ನುತ್ತಾರೆ. ಜಾಮೀನಿಗೆ ಎರಡು ಸಲ ಹಾಕಿದರೂ ಆಗಲಿಲ್ಲ.

ಮೊದಲ ಸಲ ನೋಡಲು ಹೋದಾಗ ಅಲ್ಲಿಯ ಗುಮಾಸ್ತ, "ನಿಮ್ಮ ಹುಡುಗ ದಾಖಲ ಆಗ್ಯಾನ, ಚಿಂತಿ ಮಾಡಬ್ಯಾಡ್ರಿ," ಎಂದಿದ್ದ. ನಾಗವೇಣಿಗೆ ದಾಖಲ ಎಂಬುದು ಶಾಲೆಯ ಮಾತು. ಪ್ರತಿ ಜೂನ್ ತಿಂಗಳಲ್ಲಿ ದಾಖಲಾತಿ ಆಂದೋಲನವೆಂದು ಟೀಚರುಗಳು ಓಣಿ ಓಣಿ ತಿರುಗುವಾಗ ಅವಳೂ ಹಿಂದೆ ತಿರುಗಿ, ಹತ್ತಿ ಬಿಡಿಸಲು ಹೊರಟ ಹುಡುಗಿಯರನ್ನು ಕೈ ಹಿಡಿದು ಎಳೆದು ತಂದವಳು. ಮಗ ಅಲ್ಲಿಯೂ ಶಾಲೆಗೆ ಸೇರಿದ ಎಂದೇ ತಿಳಿದಳು. ಬಸ್ಸಿಳಿದು ನೇರ ಶಾಲೆಗೆ ಬಂದು ಎಲ್ಲರಿಗೂ ಹೇಳಿದಳು. ಅದನ್ನೇ ನಂಬಿ ಹೆಡ್‌ಮಾಸ್ತರರು ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದರು.

"ಸಹಿ ನಾಳಿ ಮಾಡ್ತೀನ್ರಿ ಸರ್," ಎಂದು ನಾಗವೇಣಿ ಹೊರಗೆ ಬಂದಳು. ಅವತ್ತು ಅನ್ನ ತಳ ಹಿಡಿಯಿತು.

ಸಂಜೆ ಮನೆಯಲ್ಲಿ ಪುಂಡಿಪಲ್ಯ, ರೊಟ್ಟಿ. ಅತ್ತೆ ದುರುಗಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅರವತ್ತೈದು ದಾಟಿದರೂ ಆ ಕೆಲಸ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಗಂಡ ಅಯ್ಯಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ. ಮಗ ಒಳಗೆ ಹೋದಾಗಿನಿಂದ ಬಜಾರಿನ ದಾರಿ ಬಿಟ್ಟು ಹಳ್ಳದ ದಂಡೆ ಹಿಡಿದು ಮನೆಗೆ ಬರುತ್ತಿದ್ದ.

"ಸಹಿ ಮಾಡಿ ಬಿಡು," ಅಂದ ಅಯ್ಯಪ್ಪ. "ಮಾಸ್ತರ್ ಏನು ಸುಳ್ಳು ಹೇಳ್ತಾನ?"

"ಅಲ್ಲಿ ಸಾಲಿ ಅದನೋ ಇಲ್ಲೋ ನೋಡಿ ಮಾಡ್ತೀನಿ."

"ನೀನ ಅಲ್ಲೇನ ಅದ ಅಂತ ಊರಿಗೆಲ್ಲ ಬೆಲ್ಲ ಹಂಚಿದಾಕಿ?" ದುರುಗಮ್ಮ ರೊಟ್ಟಿ ತಿರುವಿ ಹಾಕಿದಳು. "ಇನ್ನೂರು ಹುಡುಗರಿಗೆ ಉಣ್ಣಾಕ ಹಾಕ್ತಾಳ, ತನ್ನ ಹೊಟ್ಟಿ ಕೂಸು ತಂತಿ ಕೊಯ್ಯಾಕ ಹೋಗಿದ್ದು ಗೊತ್ತಾಗಲಿಲ್ಲ."

"ನಿಮ್ಮ ಮೊಮ್ಮಗ ನಿಮ್ಮ ಮಗ್ಗಲದಾಗ ಮಲಗ್ತಿದ್ದ ಅತ್ತಿ. ಎದ್ದು ಹೋಗಿದ್ದು ನಿಮಗರ ಎಲ್ಲಿ ಗೊತ್ತಾತು?"

ದುರುಗಮ್ಮ ಬಿಸಿ ರೊಟ್ಟಿಯೊಂದನ್ನು ಸೊಸೆಯ ತಟ್ಟೆಗೆ ಎಸೆದಂತೆ ಹಾಕಿದಳು. ಅದರ ಮೇಲೆ ಬೆಣ್ಣೆ ಇತ್ತು.

ಬುಧವಾರ ಭೇಟಿಯ ದಿನ. ನಾಗವೇಣಿ ಅಡುಗೆ ಕೆಲಸವನ್ನು ಜೊತೆಯವಳಿಗೆ ಒಪ್ಪಿಸಿ ಮೊದಲ ಬಸ್ಸಿಗೆ ರಾಯಚೂರಿಗೆ ಹೋದಳು. ಹಳದಿ ಮನೆಯ ಗೇಟಿನ ಮುಂದಿನ ಬೇವಿನ ಮರದಡಿ ರಜಿಯಾ ಬೇಗಂ ಆಗಲೇ ಕೂತಿದ್ದಳು. ರಾಯಚೂರಿನ ಬಜಾರಿನಲ್ಲಿ ಬಳೆ ಮಾರುವವಳು. ಅವಳ ಮಗನೂ ಒಳಗೆ, ಆರು ತಿಂಗಳಾಗಿತ್ತು.

"ಅಕ್ಕಾ, ಒಳಗ ಸಾಲಿ ಹೆಂಗ ನಡೀತದ?" ನಾಗವೇಣಿ ಕೇಳಿದಳು.

ರಜಿಯಾ ಬೇಗಂ ನಕ್ಕಳು. "ಕಾಯ್ಕಿ ಸಾಲಿ ಬೇಟಿ, ಎಲ್ಲೀ ಸಾಲಿ? ಒಂದು ಟಿವಿ ಅದ, ಒಂದು ಕೇರಂ ಬೋರ್ಡ್ ಅದ, ಅದಕ್ಕೂ ಸ್ಟ್ರೈಕರ್ ಇಲ್ಲ. ನನ ಮಗ ಎಂಟನೇ ಕ್ಲಾಸ್ ಇದ್ದ. ಈಗ ಕಸ ಹೊಡಿಯಾದ್ರಾಗ ಪಾಸ್ ಆಗ್ಯಾನ ನೋಡು."

ಒಳಗೆ ವಿನೋದ ತಲೆ ತಗ್ಗಿಸಿ ಬಂದು ಕೂತ. ಕೂದಲು ಸಣ್ಣಗೆ ಕತ್ತರಿಸಿದ್ದರು. ಕಿವಿಗಳು ದೊಡ್ಡವಾಗಿ ಕಾಣುತ್ತಿದ್ದವು.

"ಪುಸ್ತಕ ಕೊಟ್ಟಾರೇನು?"

"ಐದನೇ ಕ್ಲಾಸಿನ ಪುಸ್ತಕ ಅದಾವ, ಅರ್ಧ ಹರದಾವ."

"ಪಾಠ?"

"ಒಬ್ಬರು ಮೇಡಂ ಬಂದು ಒಂದು ದಿನ ಫೋಟೋ ತಕ್ಕೊಂಡು ಹೋದ್ರು." ಹುಡುಗ ಉಗುರು ಕೆರೆಯತೊಡಗಿದ. "ಬಿಡು ಯವ್ವಾ. ಹೊರಗ ಬಂದ ಮ್ಯಾಲ ಅಪ್ಪನ ಕೂಡ ಮಿಲ್ಲಿಗೆ ಹೋಗ್ತೀನಿ."

"ಬಾಯಿ ಮುಚ್ಚು. ತಪ್ಪು ಮಾಡಿದಿ, ಒಳಗ ಕುಂತಿದಿ. ಓದು ಬಿಡು ಅಂತ ನಿನಗ ಯಾವ ಜಡ್ಜ್ ಹೇಳ್ಯಾನ?"

ಹಳದಿ ಮನೆಯ ಅಧೀಕ್ಷಕರು ಕನ್ನಡಕ ಏರಿಸಿ ಅವಳ ಮಾತು ಕೇಳಿದರು. "ದಾಖಲ ಅಂದ್ರ ಈ ಪುಸ್ತಕದಾಗ ದಾಖಲ ಯಮ್ಮ," ಎಂದು ಒಂದು ದೊಡ್ಡ ಪುಸ್ತಕ ತಟ್ಟಿದರು. ಒಳಗೆ ಬಂದವರ ಹೆಸರು, ತಂದೆಯ ಹೆಸರು, ಮೈಮೇಲಿನ ಮಚ್ಚೆ, ಕೇಸಿನ ನಂಬರು ಬರೆಯುವ ಪುಸ್ತಕ. "ಕಾಯೋದು, ಉಣ್ಣಿಸೋದು ನಮ್ಮದು. ಪಾಠ ಶಿಕ್ಷಣ ಇಲಾಖೆದು."

ಮರುದಿನ ದೇವದುರ್ಗದ ಶಿಕ್ಷಣ ಇಲಾಖೆಯ ಕಚೇರಿಗೆ ಹೋದಳು. "ಹುಡುಗ ಅವರ ವಶದಾಗ ಅದಾನ, ಅವರನ್ನ ಕೇಳ್ರಿ," ಎಂದರು.

ಶುಕ್ರವಾರ ಬೆಳಿಗ್ಗೆ ವಿಜಯಶ್ರೀ ಟೀಚರು ಹಲಗೆ ಬರೆದು ಒಳಗೆ ಹೋದ ಮೇಲೆ ನಾಗವೇಣಿ ಸೆರಗಿನ ತುದಿಯಿಂದ ಹತ್ತನೆಯ ತರಗತಿಯ ಎರಡು ಒರೆಸಿದಳು. ಸೀಮೆಸುಣ್ಣ ತೆಗೆದುಕೊಂಡು ಮೂರು ಬರೆದಳು. ಅವಳ ಮೂರಕ್ಕೆ ಹೊಟ್ಟೆ ದೊಡ್ಡದು, ದೂರದಿಂದಲೇ ಗೊತ್ತಾಗುತ್ತಿತ್ತು. ಮಧ್ಯಾಹ್ನ ಯಾರೋ ಅದನ್ನು ತಿದ್ದಿ ಎರಡು ಮಾಡಿದರು. ಶನಿವಾರ ಮತ್ತೆ ಮೂರು. ಸೋಮವಾರ ಮತ್ತೆ. ಹುಡುಗರು ಬೆಳಿಗ್ಗೆ ಬಂದವರೇ ಹಲಗೆ ನೋಡಿ, "ಇವತ್ತು ಮೂರು ಗೆದ್ದೈತೋ, ಎರಡು ಗೆದ್ದೈತೋ?" ಎಂದು ಕೇಳತೊಡಗಿದರು.

ಹೆಡ್‌ಮಾಸ್ತರರು ಅಡುಗೆ ಕೋಣೆಯ ಬಾಗಿಲಿಗೆ ಬಂದರು. "ನಾಗವೇಣಿ, ಹಲಗಿ ಬರಿಯಾದು ನಿಮ್ಮ ಕೆಲಸಲ್ಲ. ಮ್ಯಾಲಿನವ್ರು ಯಾರರ ನೋಡಿದ್ರ ನಿಮ್ಮನ್ನ ಕೆಲಸದಿಂದ ತಗದು ಬಿಡ್ತಾರ."

"ತಗೀಲಿ ಬಿಡ್ರಿ. ತಗಿಯಾಕ ಎಲ್ಲರಿಗೂ ಬರ್ತದ ಸರ್. ನನ ಮಗನ ಹೆಸರು ತಗದೀರಿ, ನನ್ನ ಹೆಸರೂ ತಗೀರಿ. ಆದರ ತಪ್ಪು ನಂದೂ ಅದ, ನಿಮ್ಮದೂ ಅದ. ನಾ ಒಂದು ಶಬ್ದ ತಪ್ಪು ತಿಳಕೊಂಡೆ. ನೀವು ಒಂದು ಕಾಗದ ಸುದ್ದಾ ಬರದು ಕೇಳಲಿಲ್ಲ."

ಅವರು ಒಲೆಯ ಮೇಲಿನ ಸಾಂಬಾರಿನ ಕಡೆ ನೋಡಿದರು. "ಉಪ್ಪು ಜಾಸ್ತಿ ಆಗದಂಗ ನೋಡ್ರಿ," ಎಂದು ಹೋದರು.

ಭಾನುವಾರ ಮಾನ್ವಿಯಿಂದ ಮೈದುನ ಶೇಖರ ಬಂದ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಮನೆತನದಲ್ಲಿ ಸರಕಾರಿ ನೌಕರಿ ಕಂಡ ಮೊದಲಿಗ. ಜೊತೆಗೆ ನಾಗವೇಣಿಯ ಮಗಳು ವಿಶಾಖಾ. ಅವನ ಮನೆಯಲ್ಲಿದ್ದುಕೊಂಡು ಮಾನ್ವಿಯಲ್ಲಿ ಬಿ.ಎ. ಓದುತ್ತಿದ್ದಳು. ದುರುಗಮ್ಮ ಕಿರಿಯ ಮಗನಿಗೆಂದು ಹೆಸರುಬೇಳೆ ಹೋಳಿಗೆ ಮಾಡಿಸಿದ್ದಳು.

ಎರಡನೆಯ ಹೋಳಿಗೆಗೆ ಶೇಖರ ಮಾತು ತೆಗೆದ. "ಅತ್ತಿಗಿ, ಸಾಲಿ ಹಲಗಿ ಮ್ಯಾಲ ನೀವು ಬರಿಯಾದು ಮಾನ್ವಿ ತನಕ ಬಂದದ. ನನ್ನ ಆಫೀಸಿನ್ಯಾಗ ನಗತಾರ."

"ನಗಲಿ. ನೀ ಒಂದು ಅರ್ಜಿ ಬರದು ಕೊಡು. ಊರ ಮಂದಿಗೆಲ್ಲ ಬರದು ಕೊಡ್ತಿ."

"ಸರಕಾರದ ಮ್ಯಾಲ ಅರ್ಜಿ ಹೆಂಗ ಬರಿಯಾಕ ಆಗ್ತದ? ನಾ ಸರಕಾರದ ಅನ್ನ ತಿಂತೀನಿ. ಟಿ.ಸಿ. ತಗೊಂಡು ಸುಮ್ನ ಇರ್ರಿ. ಹುಡುಗ ಹೊರಗ ಬರಲಿ, ನಾನ ಒಂದು ಅಕ್ಕಿ ಮಿಲ್ಲಿನ್ಯಾಗ ಹಚ್ಚತೀನಿ. ವಿಶಾಖಾಗ ನೋಡಾಕ ಬರೋರು ಅದಾರ. ಹುಡುಗಿ ತಮ್ಮ ಎಲ್ಲಿ ಅದಾನ ಅಂದ್ರ ಏನ್ ಹೇಳೂದು?"

"ಹತ್ತನೇ ಕ್ಲಾಸ್ ಓದಾಕತ್ಯಾನ ಅಂತ ಹೇಳ್ರಿ ಕಾಕಾ," ಅಂದಳು ವಿಶಾಖಾ.

"ನೀ ನಡುವ ಬಾಯಿ ಹಾಕಬ್ಯಾಡ."

"ನನ್ನ ಮದವಿ ಮಾತು ತಗದವ್ರು ನೀವು. ನಾನಲ್ಲ." ವಿಶಾಖಾ ಕೈ ತೊಳೆದುಕೊಂಡು ಬಂದು ಚೀಲದಿಂದ ಹಾಳೆ ತೆಗೆದಳು. "ಅರ್ಜಿ ನಾ ಬರೀತೀನಿ. ಇಂಥ ಮನಿಯೊಳಗಿರೋ ಮಕ್ಕಳಿಗೆ ಓದಿಸೂದು ಸರಕಾರದ್ದ ಹೊಣಿ ಅಂತ ಕಾಯ್ದೇದಾಗ ಅದ. ಕಾಲೇಜಿನ್ಯಾಗ ನಮ್ಮ ಮೇಡಂ ಕಡಿಂದ ತಿಳಕೊಂಡು ಬಂದೀನಿ. ನಿಮ್ಮ ಮನ್ಯಾಗಿನ ನನ್ನ ಸಾಮಾನು ಆ ಮ್ಯಾಲ ತರತೀನಿ ಕಾಕಾ. ಇನ್ನ ಇಲ್ಲಿಂದ ಬಸ್ಸಿನ ಮ್ಯಾಲ ಓಡಾಡಿ ಓದತೀನಿ."

ಅಯ್ಯಪ್ಪ ಗೋಡೆಗೊರಗಿ ಕೂತಿದ್ದ. ಶೇಖರ ಅವನ ಕಡೆ ತಿರುಗಿದ. "ಅಣ್ಣಾ, ನೀ ಏನರ ಹೇಳು ಇವರಿಗೆ."

ಹೇಳಿದವಳು ದುರುಗಮ್ಮ. "ಏ ಶೇಖರಾ, ನಿನ್ನ ಸಾಲಿಗೆ ಹಚ್ಚುವಾಗ ಗೌಡ ಏನಂದಿದ್ದ, ನೆನಪದೇನು? ಇವನ್ನ ಎತ್ತು ಕಾಯಾಕ ಬಿಡು ದುರುಗಿ, ಓದಿ ಏನ್ ಮಾಡ್ತಾನ ಅಂದಿದ್ದ. ನಾ ಅವತ್ತು ಸಾಲಿ ಬಾಗಲಕ್ಕ ಕುಂತು ನಿನ್ನ ಹೆಸರು ಬರಸಿದೆ. ಈಗ ನೀ ಬಂದು ಗೌಡನಂಗ ಮಾತಾಡಾಕತ್ತಿ. ಆ ಹೋಳಿಗಿ ಉಂಡು ಏಳು."

ಶೇಖರ ಹೋಳಿಗೆ ಅರ್ಧಕ್ಕೆ ಬಿಟ್ಟು ಎದ್ದ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ಹಾಕಿಕೊಳ್ಳುತ್ತ, ಯಾರಿಗೋ ಎಂಬಂತೆ ಹೇಳಿದ: "ಅರ್ಜಿ ಬಾಲ ನ್ಯಾಯ ಮಂಡಳಿಗೆ ಬರೀರಿ. ಎರಡೂ ಇಲಾಖೆಗೆ ಪ್ರತಿ ಹಚ್ಚರಿ. ಕೊಟ್ಟ ಮ್ಯಾಲ ಮುದ್ರಿ ಹಾಕಿಸಿಕೊಳ್ಳಾದು ಮರೀಬ್ಯಾಡ್ರಿ."

ಬಾಲ ನ್ಯಾಯ ಮಂಡಳಿ ಎಂದರೆ ಮಕ್ಕಳ ಕೇಸು ನೋಡುವ ಕೋರ್ಟು. ವಿನೋದನ ಮುಂದಿನ ತಾರೀಖು ಹೆಸರು ಕಳಿಸುವ ಕೊನೆಯ ದಿನಕ್ಕೆ ಮೂರು ದಿನ ಮೊದಲಿತ್ತು. ಅವತ್ತು ಅಯ್ಯಪ್ಪನೂ ಮಿಲ್ಲು ಬಿಟ್ಟು ಬಂದ. ದೇವದುರ್ಗದ ಬಸ್ ಸ್ಟ್ಯಾಂಡಿಗೆ ಹಳ್ಳದ ದಾರಿ ಹಿಡಿಯದೆ ಬಜಾರಿನ ನಡುವೆಯೇ ನಡೆದು ಬಂದ. ನಾಗವೇಣಿ ಅದನ್ನು ನೋಡಿದಳು.

ಅಲ್ಲಿ ಕಟಕಟೆ ಇರಲಿಲ್ಲ. ಉದ್ದನೆಯ ಮೇಜು, ನಡುವೆ ನ್ಯಾಯಾಧೀಶೆ, ಅತ್ತಿತ್ತ ಇಬ್ಬರು ಸದಸ್ಯರು. ಅರ್ಜಿ ಮುಟ್ಟಿದ್ದರಿಂದ ಹಳದಿ ಮನೆಯ ಅಧೀಕ್ಷಕರನ್ನೂ ಶಿಕ್ಷಣ ಇಲಾಖೆಯವರೊಬ್ಬರನ್ನೂ ಕರೆಸಿದ್ದರು. ವಿನೋದ ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದ.

"ನೀವೇನು ಹೇಳಬೇಕಮ್ಮ?" ನ್ಯಾಯಾಧೀಶೆ ಕೇಳಿದರು.

ನಾಗವೇಣಿ ಎದ್ದು ನಿಂತಳು. "ನನ ಮಗ ಕೇಬಲ್ ಕೊಯ್ದಾನ್ರಿ ಮೇಡಂ. ಇಲ್ಲ ಅಂತ ನಾ ಎಲ್ಲೂ ಹೇಳಿಲ್ಲ, ಇಲ್ಲೂ ಹೇಳಂಗಿಲ್ಲ. ಅದಕ್ಕ ನೀವು ಒಳಗ ಇಟ್ಟೀರಿ. ಆದರ ಸಾಲಿಂದ ಹೊರಗ ಹಾಕ್ರಿ ಅಂತ ನೀವು ಬರದೀರೇನ್ರಿ?"

"ಇಲ್ಲ."

"ಮತ್ತ ಯಾರು ಬರದಾರ?"

ಅಧೀಕ್ಷಕರು ಇಲಾಖೆಯವರ ಕಡೆ ಕೈ ತೋರಿಸಿದರು. "ಮೇಡಂ, ಶಿಕ್ಷಕರನ್ನ ಕೊಡಬೇಕಾದವರು ಶಿಕ್ಷಣ ಇಲಾಖೆಯವರು."

"ನಮಗೆ ಅವರಿಂದ ಪತ್ರ ಬಂದಿಲ್ಲ ಮೇಡಂ," ಅಂದರು ಇಲಾಖೆಯವರು. "ಹುಡುಗ ಅವರ ವಶದಲ್ಲಿದ್ದಾನೆ."

"ಕೇಳಿದ್ರಲ್ಲ ಮೇಡಂ," ಅಂದಳು ನಾಗವೇಣಿ. "ನಾ ಹೋದಲ್ಲೆಲ್ಲ ಹಿಂಗ. ನಾ ಸಾಲ್ಯಾಗ ಅಡಗಿ ಮಾಡಾಕಿ. ನಮಗ ಅಕ್ಕಿ ಒಬ್ಬರು ಕೊಡ್ತಾರ, ಎಣ್ಣಿ ಒಬ್ಬರು ಕೊಡ್ತಾರ, ಹಾಲಿನ ಪುಡಿ ಮತ್ತೊಬ್ಬರು. ಎಣ್ಣಿಯವ್ರು ಪತ್ರ ಬರೀಲಿಲ್ಲ ಅಂತ ನಾ ಹುಡುಗರನ್ನ ಉಪಾಸ ಕಳಿಸಿದ್ರ ನೀವು ನನ್ನ ಬಿಡ್ತೀರೇನ್ರಿ? ಬಿಡಂಗಿಲ್ಲ. ಇವರಿಬ್ಬರೂ ಸರಕಾರದವ್ರ. ನನ ಮಗನ್ನ ಕರಕೊಂಡು ಹೋಗುವಾಗ ಯಾವ ಇಲಾಖೆ ಅಂತ ಯಾರೂ ಕೇಳಲಿಲ್ಲ. ಪಾಠ ಹೇಳು ಅಂದಾಗ ಎರಡು ಇಲಾಖೆ ಆದ್ರು."

ನ್ಯಾಯಾಧೀಶೆ ವಿನೋದನ ಕಡೆ ನೋಡಿದರು. "ಪರೀಕ್ಷೆ ಬರೀತೀಯಾ?"

ಹುಡುಗ ಅವ್ವನ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಗಣಿತ ಬರಂಗಿಲ್ರಿ," ಅಂದ.

"ಗಣಿತ ಒಂದ ಬರಂಗಿಲ್ಲ ಅಂದ್ರ ಪರೀಕ್ಷಾ ಬರಿಯಾಂವ ಅದಾನಂತ ಅರ್ಥ ರೀ ಮೇಡಂ," ಅಂದ ಅಯ್ಯಪ್ಪ ಹಿಂದಿನಿಂದ. ಅವನು ಬಾಯಿ ಬಿಟ್ಟದ್ದು ಅದೊಂದೇ ಸಲ.

ಜಾಮೀನು ಅವತ್ತೂ ಆಗಲಿಲ್ಲ. ಆದರೆ ಆದೇಶವಾಯಿತು. ಹುಡುಗನ ಹೆಸರನ್ನು ಅವನ ಶಾಲೆಯಲ್ಲೇ ಉಳಿಸಬೇಕು, ಪರೀಕ್ಷೆಗೆ ಕಳಿಸಬೇಕು. ಪುಸ್ತಕ ಕೊಡಬೇಕು. ರಾಯಚೂರಿನ ಶಾಲೆಗಳಿಂದ ಶಿಕ್ಷಕರು ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಹಳದಿ ಮನೆಗೆ ಹೋಗಿ ಅಲ್ಲಿರುವ ಎಲ್ಲ ಮಕ್ಕಳಿಗೂ ಪಾಠ ಮಾಡಬೇಕು. ವಿಶಾಖಾ ಅದನ್ನು ಬಸ್ಸಿನಲ್ಲಿ ಮೂರು ಸಲ ಓದಿ ಹೇಳಿದಳು. "ಎಲ್ಲ ಮಕ್ಕಳಿಗೂ" ಎಂಬಲ್ಲಿ ನಾಗವೇಣಿ ತಡೆದಳು. "ಅದನ್ನ ಇನ್ನೊಮ್ಮಿ ಓದು. ರಜಿಯಾ ಅಕ್ಕಗ ಹೇಳಬೇಕು."

ಮರುದಿನ ಹಲಗೆ ಬರೆದವರು ಸ್ವತಃ ಹೆಡ್‌ಮಾಸ್ತರರು. ಮೇಲಿನ ಸಾಲಿನಲ್ಲಿ ನಲವತ್ಮೂರು ಬರೆದರು. ಕೆಳಗಿನ ಸಾಲಿಗೆ ಬಂದು ನಾಗವೇಣಿಯ ಕಡೆ ತಿರುಗಿದರು. "ನಿಮ್ಮ ಹುಡುಗಂದು ಗೈರು ಅಂತ ತಗೊಳ್ಳಲೇನು?"

"ಗೈರು ಅಂದ್ರ ಮನ್ಯಾಗ ಮಲಗಿದವ್ರು ರೀ ಸರ್. ಇವನ್ನ ಸರಕಾರ ಕರಕೊಂಡು ಹೋಗೇದ. ಪಾಠ ಆತೋ ಇಲ್ಲೋ ಅಲ್ಲಿಯವ್ರನ್ನ ಕೇಳಿ ಬರೀರಿ."

ಹೆಡ್‌ಮಾಸ್ತರರು ಏನೂ ಬರೆಯದೆ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟು ಹೋದರು.

ಎರಡು ವಾರ ಕಳೆದು ಬುಧವಾರದ ಭೇಟಿಗೆ ದುರುಗಮ್ಮನೂ ಹೊರಟಳು, ಸೀರೆಯ ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಗೇಟಿನವನು ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದ. "ಹಂಗಾರ ನೀ ಉಣ್ಣು," ಎಂದು ಗಂಟು ಅವನ ಮುಂದೆಯೇ ಬಿಚ್ಚಿದಳು. "ಮೊಮ್ಮಗನ ಕಾಯಾಂವ, ಗಟ್ಟಿ ಇರಬೇಕು." ಅವನು ಬೇಡವೆನ್ನುತ್ತಲೇ ಎರಡು ತೆಗೆದುಕೊಂಡ. ಬೇವಿನ ಮರದಡಿಯಿಂದ ರಜಿಯಾ ಬೇಗಂ ಎದ್ದು ಬಂದಳು. ಮೂವರು ಹೆಂಗಸರೂ ಒಟ್ಟಿಗೆ ಒಳಗೆ ಹೋದರು.

ಅಧೀಕ್ಷಕರು ಅವರನ್ನು ನೋಡುತ್ತಲೇ ಕೈ ಮುಗಿದರು. "ಬರ್ರಿ ಯಮ್ಮ. ನಿಮ್ಮ ಕೆಲಸ ಆಗೇದ. ಹುಡುಗರು ಎಲ್ಲಾರೂ ದಾಖಲ ಆಗ್ಯಾರ. ಇನ್ನ ಆರಾಮ ಹೋಗ್ರಿ."

ನಾಗವೇಣಿ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ಯಾವ ಪುಸ್ತಕದಾಗ್ರಿ?"

"ಆಂ?"

"ಯಾವ ಪುಸ್ತಕದಾಗ ದಾಖಲ ಆಗ್ಯಾರ? ತೋರ್ಸ್ರಿ."

ಅಧೀಕ್ಷಕರು ದೊಡ್ಡ ಪುಸ್ತಕದ ಕಡೆ ಕೈ ಚಾಚಿದರು, ಅವಳ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡರು. ಕಪಾಟು ತೆರೆದು ಹೊಸದೊಂದು ಪುಸ್ತಕ ತಂದು ಮುಂದಿಟ್ಟರು. ಹಾಳೆಯ ಮೇಲೆ ಸ್ಕೇಲಿನಿಂದ ಗೆರೆ ಎಳೆದಿದ್ದರು. ತಾರೀಖು, ವಿಷಯ, ಪಾಠ, ಶಿಕ್ಷಕರ ಸಹಿ. ನಾಗವೇಣಿ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಗುರುವಾರ, ಗಣಿತ, ಸಹಿ ಇತ್ತು. ಶನಿವಾರ, ಕನ್ನಡ, ಸಹಿ ಇತ್ತು. ಮುಂದಿನ ಸಾಲಿಗೆ ಬಂದು ಬೆರಳು ನಿಂತಿತು.

"ನಿನ್ನಿ ಮಂಗಳವಾರ. ಇದು ಖಾಲಿ ಅದ."

"ಅವರು ಯಾವುದೋ ಟ್ರೇನಿಂಗ್‌ಗೆ ಹೋಗ್ಯಾರಂತ. ಒಂದು ದಿನ ಏನಾಗ್ತದ ಬಿಡ್ರಿ ಯಮ್ಮ."

"ಏನೂ ಆಗಂಗಿಲ್ರಿ." ನಾಗವೇಣಿ ಬೆರಳು ತೆಗೆಯಲಿಲ್ಲ. "ಅವರಿಗೆ ಫೋನ್ ಹಚ್ಚರಿ. ಬದಲಿ ಯಾವತ್ತು ಬರ್ತಾರ ಕೇಳ್ರಿ. ನಮಗ ಬಸ್ಸು ಸಂಜಿ ಐದರ ತನಕ ಅದಾವ."

ರಜಿಯಾ ಬೇಗಂ ಬೆಂಚಿನ ಮೇಲೆ ಬಳೆ ಸರಿಮಾಡಿಕೊಂಡು ಕೂತಳು. ದುರುಗಮ್ಮ ನೆಲದ ಮೇಲೆಯೇ ಕಾಲು ಚಾಚಿ ಗೋಡೆಗೊರಗಿದಳು. ಒಳಗಿನ ಕೋಣೆಯಿಂದ ಯಾರೋ ಹುಡುಗ ಗಟ್ಟಿಯಾಗಿ, ತಪ್ಪು ತಪ್ಪಾಗಿ ಪದ್ಯ ಓದುವುದು ಕೇಳಿಸುತ್ತಿತ್ತು. ಅಧೀಕ್ಷಕರು ಮೂವರನ್ನೂ ಒಮ್ಮೆ ನೋಡಿ ಫೋನಿಗೆ ಕೈ ಹಾಕಿದರು.